ಒಡೆದ ಗಾಜಿನ ಪುಸ್ತಕ

ಆ ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಒಡೆದರೆ ಒಡೆದವರ ಹೆಸರು ಬರೆಯಲು ಒಂದು ಪುಸ್ತಕವಿತ್ತು. ಹಸಿರು ರಟ್ಟು, ಅಂಚು ಹರಿದ ಹಾಳೆ, ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ತಾರೀಖು, ಸಾಮಾನು, ಹೆಸರು, ಅಷ್ಟೇ ಬರೆಯಬೇಕಾದದ್ದು. ದಂಡವಿಲ್ಲ, ಗಿಂಡವಿಲ್ಲ. ಆದರೂ ಅದರಲ್ಲಿ ಹೆಸರು ಬೀಳುವುದೆಂದರೆ ಮಕ್ಕಳ ಎದೆ ಧಸಕ್ಕೆನ್ನುತ್ತಿತ್ತು. ಆ ಪುಸ್ತಕ ಕಾಯುತ್ತಿದ್ದವನು ಪ್ರಯೋಗಾಲಯದ ಅಟೆಂಡರ್. ಹತ್ತೊಂಬತ್ತು ವರ್ಷ ಗಾಜನ್ನೇ ತೊಳೆದು, ಗಾಜನ್ನೇ ಒರೆಸಿ, ಗಾಜಿಗಾಗಿಯೇ ಬೈದು ಅವನಿಗೆ ಗಾಜಪ್ಪ ಎಂಬ ಹೆಸರು ಅಂಟಿಕೊಂಡಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು.

ಪುಸ್ತಕದ ದೊಡ್ಡ ಹೆಗ್ಗಳಿಕೆ ಎಂದರೆ ಅಷ್ಟು ವರ್ಷಗಳಲ್ಲಿ ಅದರೊಳಗೆ ಒಬ್ಬ ಹುಡುಗಿಯ ಹೆಸರೂ ಬಿದ್ದಿರಲಿಲ್ಲ. ಶಾಲೆ ನೋಡಲು ದೊಡ್ಡ ಮನುಷ್ಯರು ಯಾರಾದರೂ ಬಂದರೆ ಹೆಡ್ಮಾಸ್ಟರು ಪ್ರಯೋಗಾಲಯಕ್ಕೆ ಕರೆತಂದು, "ಎಲ್ಲಿ, ಆ ಪುಸ್ತಕ ತೋರ್ಸಯ್ಯ" ಎನ್ನುತ್ತಿದ್ದರು. ಗಾಜಪ್ಪ ಅಂಗಿಗೆ ಕೈ ಒರೆಸಿಕೊಂಡು ತೋರಿಸುತ್ತಿದ್ದ. ಬಂದವರು ಹಾಳೆ ತಿರುವಿ, "ಪರವಾಗಿಲ್ವೇ, ಹೆಣ್ಮಕ್ಕಳು ಅಂದ್ರೆ ಹೆಣ್ಮಕ್ಕಳೇ" ಎಂದು ತಲೆದೂಗುತ್ತಿದ್ದರು. ಗಾಜಪ್ಪನಿಗೆ ತನ್ನ ಬೆನ್ನನ್ನೇ ತಟ್ಟಿದಷ್ಟು ಖುಷಿಯಾಗುತ್ತಿತ್ತು.

ಖುಷಿಯಾಗಲು ಕಾರಣವೂ ಇತ್ತು. ಅವನು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾಲ್ಕು ಬ್ಯೂರೆಟ್ ಒಡೆದಿದ್ದವು. ಬ್ಯೂರೆಟ್ ಎಂದರೆ ಮೈಮೇಲೆಲ್ಲ ಅಳತೆಯ ಗೆರೆ, ಕೆಳತುದಿಯಲ್ಲಿ ಪುಟ್ಟ ನಲ್ಲಿ ಇರುವ, ಮೊಳಕ್ಕಿಂತ ಉದ್ದದ ಗಾಜಿನ ಕೊಳವೆ. ಹೊಸದು ಬೇಕೆಂದು ಬರೆದರೆ ಬರಲು ಒಂದು ವರ್ಷ. ಆಗಿನ ಹೆಡ್ಮಾಸ್ಟರು ಗಾಜಪ್ಪನನ್ನು ಕರೆದು ಚೆನ್ನಾಗಿ ಜಾಡಿಸಿದರು. ಹೊಸ ಕೆಲಸ, ಹೊಸ ಮದುವೆ, ಹೋದರೆ ಎರಡೂ ಹೋದಾವು ಎಂಬ ಹೆದರಿಕೆಯಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು. "ಒಂದು ಮೇಜಿಗೆ ಇಬ್ಬರನ್ನ ಹಾಕಣ ಸಾರ್. ಹುಡುಗ ಮಾಡ್ಲಿ, ಹುಡುಗಿ ಬರ್ಕೊಳ್ಲಿ. ಮುಟ್ಟೋ ಕೈ ಅರ್ಧ ಆದ್ರೆ ಒಡೆಯೋದೂ ಅರ್ಧ ಆಗತ್ತೆ. ಹೇಗೂ ಹೆಣ್ಮಕ್ಕಳ ಅಕ್ಷರ ದುಂಡಗಿರತ್ತೆ" ಎಂದ. ಹೆಡ್ಮಾಸ್ಟರಿಗೆ ಹಿಡಿಸಿತು. ಮರುವಾರವೇ ನಿಯಮವಾಯಿತು.

ಒಡೆಯುವುದು ನಿಜಕ್ಕೂ ಕಡಿಮೆಯಾಯಿತು. ಆ ಹೆಡ್ಮಾಸ್ಟರು ನಿವೃತ್ತರಾದರು, ಅವರ ಹಿಂದೆ ಬಂದವರೂ ಹೋದರು, ನಿಯಮ ಮಾತ್ರ ಉಳಿಯಿತು. ಯಾರು ಮಾಡಿದ್ದು, ಯಾಕೆ ಮಾಡಿದ್ದು ಎಂಬುದು ಮರೆತುಹೋಗಿ ಅದು ಗಾಳಿ ಬೆಳಕಿನ ಹಾಗೆ ಮೊದಲಿನಿಂದಲೂ ಇದ್ದದ್ದೇ ಆಯಿತು. ವಾರಕ್ಕೆರಡು ದಿನ ಪ್ರಯೋಗಾಲಯದ ತುಂಬ ಹುಡುಗರ ಒಂದೇ ಮಾತು: "ಬರ್ಕೋ, ಹದಿನೆಂಟು ಪಾಯಿಂಟ್ ಎರಡು." "ಬರ್ಕೋ, ಬಣ್ಣ ಬಂತು." ಹುಡುಗಿಯರು ಬರೆದುಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ಪ್ರತಿಯೊಬ್ಬರೂ ಒಬ್ಬೊಬ್ಬರೇ ನಿಂತು ಮಾಡಬೇಕಿತ್ತು. ಮೂವತ್ತಕ್ಕೆ ಹುಡುಗರಿಗೆ ಇಪ್ಪತ್ತಾರು, ಇಪ್ಪತ್ತೇಳು ಬಂದರೆ ಹುಡುಗಿಯರಿಗೆ ಇಪ್ಪತ್ತು ಬಂದರೆ ಹೆಚ್ಚು. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಮೇಷ್ಟ್ರುಗಳು ತೀರ್ಪು ಕೊಟ್ಟುಬಿಟ್ಟಿದ್ದರು. ಹುಡುಗಿಯರದು ಓದುವ ತಲೆ, ಹುಡುಗರದು ಮಾಡುವ ಕೈ, ಹುಟ್ಟುಗುಣಕ್ಕೆ ಮದ್ದಿಲ್ಲ. ಚಹಾದ ಲೋಟ ಎತ್ತಿಕೊಂಡು ಹೋಗಲು ಬಂದ ಗಾಜಪ್ಪನೂ ಹೌದೌದು ಎಂದು ತಲೆಯಾಡಿಸುತ್ತಿದ್ದ. ಅವನು ನಾಟಕವಾಡುತ್ತಿರಲಿಲ್ಲ. ನಿಜವಾಗಿಯೂ ನಂಬಿದ್ದ.

ಅವನಿಗೆ ಒಬ್ಬಳೇ ಮಗಳು. ನಾಲ್ಕು ವರ್ಷದವಳಿದ್ದಾಗ ಒಂದು ರಜೆಯ ದಿನ ಅವಳನ್ನು ಪ್ರಯೋಗಾಲಯಕ್ಕೆ ಕರೆತಂದು, ನೀರಿನಂಥ ದ್ರವಕ್ಕೆ ನೀರಿನಂಥದೇ ಇನ್ನೊಂದರ ಹನಿ ಬಿಟ್ಟು, ಗುಲಾಬಿ ಬಣ್ಣ ಬರಿಸಿ ತೋರಿಸಿದ್ದ. ಮಗು ಬಾಯಿ ಬಿಟ್ಟುಕೊಂಡು ಕೈ ಚಾಚಿತು. "ನೋಡು, ಮುಟ್ಟಬೇಡ" ಎಂದಿದ್ದ. ಅವಳಿಗೆ ಆ ಬಣ್ಣದ ಹುಚ್ಚು ಬಿಡಲೇ ಇಲ್ಲ. ಈಗ ಅದೇ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಕೆಮಿಸ್ಟ್ರಿಯಲ್ಲಿ ತರಗತಿಗೇ ಮೊದಲು. ಅವಳ ರೆಕಾರ್ಡ್ ಪುಸ್ತಕವನ್ನು ಟೀಚರ್ ಬೇರೆ ತರಗತಿಗಳಿಗೂ ಒಯ್ದು ತೋರಿಸುತ್ತಿದ್ದರು. ದೊಡ್ಡ ಊರಿನ ರಸಾಯನಶಾಸ್ತ್ರದ ಕಾಲೇಜಿಗೆ ಅರ್ಜಿ ಹಾಕಿದ್ದಳು. ಅಲ್ಲಿ ಒಂದೇ ಒಂದು ಕಟ್ಟುನಿಟ್ಟು: ಪ್ರಾಯೋಗಿಕ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತೈದು ಇರಲೇಬೇಕು. ಬೇರೆ ವಿಷಯದಲ್ಲಿ ನೂರಕ್ಕೆ ನೂರು ತಂದರೂ ಅದನ್ನು ತುಂಬಿಕೊಡುವಂತಿಲ್ಲ.

ಪರೀಕ್ಷೆಗೆ ಮೂರು ವಾರ ಇದ್ದಾಗ ಒಂದು ಸಂಜೆ ಅವಳು ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ, "ಅಪ್ಪ, ನಾನು ಒಂದು ಸಲಾನೂ ಬ್ಯೂರೆಟ್ಟಿನ ನಲ್ಲಿ ತಿರುಗಿಸಿಲ್ಲ" ಎಂದಳು.

ಗಾಜಪ್ಪ ನಕ್ಕ. "ನಲವತ್ತು ಸಲ ಬರ್ದಿದೀಯಲ್ಲೇ. ಬಾಯಿಪಾಠ ಆಗಿರ್ಬೇಕು."

"ಬರ್ದ್ರೆ ಈಜು ಬರತ್ತಾ?"

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಕಾಲು ನಿಲ್ಲಿಸಿದಳು. "ಅವಳು ಹೇಳೋದ್ರಲ್ಲಿ ತಪ್ಪೇನಿದೆ? ಮನೇಲಿ ದಿನಾ ಗಾಜಿನ ಲೋಟ ತೊಳೆಯೋ ಕೈ ಅದು, ಒಂದೂ ಒಡೆದಿಲ್ಲ. ನಿಮ್ಮ ಲ್ಯಾಬಿನ ಗಾಜು ಮಾತ್ರ ಮುಟ್ಟೋ ಹಾಗಿಲ್ವಾ? ಬೀಗದ ಕೈ ನಿಮ್ಮ ಹತ್ರಾನೇ ಇದೆ. ಒಂದು ಭಾನುವಾರ ಕರ್ಕೊಂಡು ಹೋಗಿ ಮಾಡಿಸ್ರಿ."

"ಅದಾಗಲ್ಲ" ಎಂದ ಗಾಜಪ್ಪ. ಹತ್ತೊಂಬತ್ತು ವರ್ಷದ ಕೆಲಸದಲ್ಲಿ ಅವನು ಒಂದು ಹಿಡಿ ಹತ್ತಿಯನ್ನೂ ಮನೆಗೆ ತಂದವನಲ್ಲ. "ನನ್ನ ಮಗಳು ಅಂತ ಬಾಗಿಲು ತೆಗೆದ್ರೆ ಉಳಿದ ಹೆಣ್ಮಕ್ಕಳ ಅಪ್ಪಂದಿರು ಏನಂತಾರೆ? ನಿಯಮ ಅಂದ್ರೆ ನಿಯಮ."

"ಆ ನಿಯಮ ಮಾಡಿದ್ದು ಯಾರಪ್ಪ?" ಎಂದಳು ಮಗಳು, ಈಗ ಇತ್ತ ತಿರುಗಿ.

ಅವಳ ಕೈಯಿಂದ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಗಾಜಪ್ಪ ಆ ನೊರೆಯನ್ನೇ ನೋಡಿದ. "ಗೊತ್ತಿಲ್ಲಮ್ಮ. ಮೊದಲಿಂದಲೂ ಇದೆ."

ಹಾಗೆ ಹೇಳಿದ್ದು ಅವನ ಮನಸ್ಸಿಗೆ ಕಸಿವಿಸಿಯಾಯಿತು. ಅದನ್ನು ಮುಚ್ಚಲು ಎದ್ದು ಬಂದು, ಅಡುಗೆಮನೆಯ ನಲ್ಲಿಯ ಮುಂದೆ ಅವಳನ್ನು ನಿಲ್ಲಿಸಿ ಪಾಠ ಶುರುಮಾಡಿದ. ಎಡಗೈ ಹೀಗೆ ನಲ್ಲಿಯ ಸುತ್ತ ಬರಬೇಕು, ಬಲಗೈಯಲ್ಲಿ ಕೆಳಗಿರೋ ಫ್ಲಾಸ್ಕ್ ಬುಡ್ಡಿ ಆಡಿಸ್ತಾ ಇರಬೇಕು, ಬಣ್ಣ ಬರೋ ಹೊತ್ತಿಗೆ ಒಂದೊಂದೇ ಹನಿ, ಕೊನೇಗೆ ಅರ್ಧ ಹನಿ. ಮಗಳು ಹಿತ್ತಾಳೆ ನಲ್ಲಿಯ ಕೆಳಗೆ ಲೋಟ ಆಡಿಸಿದಳು. ನಲ್ಲಿ ಒಂದೋ ಸುರಿಯುತ್ತಿತ್ತು, ಇಲ್ಲವೇ ನಿಲ್ಲುತ್ತಿತ್ತು. ಅರ್ಧ ಹನಿ ಅದಕ್ಕೆ ಗೊತ್ತಿರಲಿಲ್ಲ. "ಇಷ್ಟೇ, ಬ್ರಹ್ಮವಿದ್ಯೆ ಏನಲ್ಲ" ಎಂದ ಗಾಜಪ್ಪ. ಊರ ಮಕ್ಕಳಿಗೆಲ್ಲ ಬ್ಯೂರೆಟ್ ಜೋಡಿಸಿ ಕೊಡುವವನ ಮಗಳು ಮೂರು ವಾರ ಪಾತ್ರೆ ತೊಳೆಯುವ ನಲ್ಲಿಯಲ್ಲಿ ಅಭ್ಯಾಸ ಮಾಡಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು.

ಪರೀಕ್ಷೆ ಎರಡು ದಿನ. ಅರ್ಧ ತರಗತಿ ಮೊದಲ ದಿನ, ಉಳಿದರ್ಧ ಮರುದಿನ. ಮಗಳದು ಮೊದಲ ದಿನ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಮೃದು ಮಾತಿನವರು. ಅವಳು ಅಟೆಂಡರನ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದು ಗಾಜಪ್ಪನೇ ಕೆಮಿಸ್ಟ್ರಿ ಟೀಚರಿಗೆ ಹೇಳಿದ್ದ. ಅವನ ಕೆಲಸ ಮೇಜಿನಿಂದ ಮೇಜಿಗೆ ದ್ರಾವಣ ತುಂಬಿಸುವುದು, ಕೇಳಿದ್ದು ಕೊಡುವುದು, ಬಾಯಿ ಮುಚ್ಚಿಕೊಂಡಿರುವುದು.

ಮಗಳು ನಾಲ್ಕನೇ ಮೇಜು. ಮೊದಲು ಬರೆಯಬೇಕಾದದ್ದನ್ನೆಲ್ಲ ಹತ್ತು ನಿಮಿಷದಲ್ಲಿ ಬರೆದು ಮುಗಿಸಿದಳು. ಆಮೇಲೆ ಎದ್ದು ಬ್ಯೂರೆಟ್ಟಿನ ಮುಂದೆ ನಿಂತಳು. ಎಡಗೈ ಸರಿಯಾಗಿಯೇ ಸುತ್ತ ಬಂತು, ಬಲಗೈಯಲ್ಲಿ ಫ್ಲಾಸ್ಕ್ ಆಡುತ್ತಿತ್ತು. ಆದರೆ ಮೂರು ವಾರ ಹಿತ್ತಾಳೆ ನಲ್ಲಿಯ ಜೊತೆ ಗುದ್ದಾಡಿದ ಬೆರಳು ಅದು. ಬಿಗಿ ನಲ್ಲಿಗೆ ಕೊಡುವ ಬಲವನ್ನೇ ಇಲ್ಲೂ ಕೊಟ್ಟಿತು. ಮೇಣ ಹಚ್ಚಿದ ಗಾಜಿನ ನಲ್ಲಿ ಸರ್ರನೆ ತಿರುಗಿತು. ಫ್ಲಾಸ್ಕಿನೊಳಗೆ ನಸುಗುಲಾಬಿ ಬರಬೇಕಾದ ಕಡೆ ಕಡುಗೆಂಪು ಬಂದು ಕೂತಿತು. ಚೆಲ್ಲಿ ಮತ್ತೆ ಮಾಡಿದಳು. ಮತ್ತೆ ಕಡುಗೆಂಪು. ಪಕ್ಕದ ಮೇಜಿನಲ್ಲಿ ವರ್ಷವಿಡೀ ಅವಳ ಜೋಡಿಯಾಗಿದ್ದ ಹುಡುಗ, ಲೆಕ್ಕದ ಸೂತ್ರ ನೆನಪಾಗದೆ ಪೆನ್ನು ಕಚ್ಚುತ್ತಿದ್ದರೂ, ಮೂರು ಸಲವೂ ತಿಳಿಗುಲಾಬಿ ತೆಗೆದು ಮುಗಿಸಿದ್ದ.

ಗಾಜಪ್ಪ ದ್ರಾವಣದ ಸೀಸೆ ಹಿಡಿದು ಗೋಡೆಗೊರಗಿ ನಿಂತಿದ್ದ. ಸಡಿಲ ಬಿಡು, ಬೆರಳು ಸಡಿಲ ಬಿಡು ಎಂದು ಒಳಗೊಳಗೇ ಹೇಳಿಕೊಂಡ. ಎರಡು ಹೆಜ್ಜೆ ಮುಂದೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳುವಂತಿರಲಿಲ್ಲ. ಮೂರನೆಯ ಸಲ ಮಗಳು ದ್ರಾವಣ ಅಳೆದು ತೆಗೆಯುವ ಗಾಜಿನ ಪಿಪೆಟ್ ಎತ್ತಿಕೊಂಡಳು. ಕೈ ಒದ್ದೆಯಿತ್ತು. ಅದು ಜಾರಿ ಮೇಜಿನ ಅಂಚಿಗೆ ತಾಗಿ ನೆಲಕ್ಕೆ ಬಿತ್ತು.

ಪರೀಕ್ಷಕರು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಹತ್ತಿರ ಬಂದು, "ಬಿಡಮ್ಮ, ಗಾಬರಿ ಆಗ್ಬೇಡ. ಎಷ್ಟು ಚಂದ ಬರ್ದಿದೀಯ, ಅದಕ್ಕೇ ಅಂಕ ಕೊಡ್ತೀನಿ. ಎಲ್ಲರಿಗೂ ಎಲ್ಲಾ ಬರಲ್ಲ. ಹೆಣ್ಮಕ್ಕಳಿಗೆ ಬರವಣಿಗೇನೇ ಚಂದ" ಎಂದರು. ಮಗಳು ತಲೆ ತಗ್ಗಿಸಿದಳು. ಗಾಜಪ್ಪ ಪೊರಕೆ ತಂದು ಅವಳ ಕಾಲ ಬುಡದಲ್ಲಿ ಕೂತು ಚೂರು ಗುಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಧ್ಯಾಹ್ನ ಪರೀಕ್ಷಕರು ಅಂಕಪಟ್ಟಿಗೆ ಸಹಿ ಮಾಡಿ, ಲಕೋಟೆ ಮುಚ್ಚಿ, ಅರಗು ಹಾಕಿ ಕಳಿಸಿದರು. ಟೀಚರ್ ಮೆಲ್ಲಗೆ ಹೇಳಿದರು: "ಹತ್ತೊಂಬತ್ತು, ಗಾಜಪ್ಪ."

ಗಾಜಪ್ಪ ಕಪಾಟಿನಿಂದ ಹಸಿರು ಪುಸ್ತಕ ತೆಗೆದ. ಟೀಚರ್ ಅದರ ಮೇಲೆ ಕೈಯಿಟ್ಟರು. "ಬರೀಬೇಡಿ. ಮಗು ಮೊದಲೇ ನೊಂದಿದೆ. ತೊಳೆಯುವಾಗ ಒಡೀತು ಅಂತ ನಿಮ್ಮ ಹೆಸರು ಹಾಕ್ಬಿಡಿ. ಇಷ್ಟು ವರ್ಷ ಒಬ್ಬ ಹುಡುಗೀದೂ ಇಲ್ಲ, ಆ ಹೆಸರು ಯಾಕೆ ಕೆಡಿಸ್ತೀರಿ?"

ಅವನು ಪುಸ್ತಕ ತೆರೆದು ಹಿಂದಿನಿಂದ ಮುಂದಕ್ಕೆ ಹಾಳೆ ತಿರುವುತ್ತ ಹೋದ. ಈ ವರ್ಷ, ಹೋದ ವರ್ಷ, ಅದಕ್ಕೂ ಹಿಂದಿನದು. ಬೀಕರು, ಪಿಪೆಟ್, ಥರ್ಮಾಮೀಟರು, ಬೀಕರು. ಹುಡುಗರು, ಹುಡುಗರು, ಹುಡುಗರು. ದೊಡ್ಡವರಾಗಿ ಎಲ್ಲೆಲ್ಲೋ ಇರುವ ಹುಡುಗರು. ಒಡೆದು ಒಡೆದು ಕಲಿತವರು. ಈ ಪುಸ್ತಕವನ್ನು ಅವನು ಎಷ್ಟು ಜನಕ್ಕೆ ತೋರಿಸಿದ್ದ. ಎಷ್ಟು ಜನ ತಲೆದೂಗಿದ್ದರು. ಒಡೆಯಬೇಕಾದರೆ ಮೊದಲು ಕೈಗೆ ಬರಬೇಕಲ್ಲ ಎಂದು ಒಬ್ಬರೂ ಕೇಳಿರಲಿಲ್ಲ. ಅವನಿಗೇ ಹೊಳೆದಿರಲಿಲ್ಲ, ಇನ್ನು ಬಂದು ಹೋಗುವವರಿಗೆ ಹೊಳೆದೀತೇ? ನಾಲ್ಕು ಕೊಳವೆ ಉಳಿಸಲು ಅವನು ಮಾಡಿದ ಉಪಾಯ ಹತ್ತೊಂಬತ್ತು ವರ್ಷದ ಹೆಣ್ಣುಮಕ್ಕಳ ಕೈ ಕಟ್ಟಿಹಾಕಿತ್ತು. ಕಟ್ಟಿಹಾಕಿ, ಆಮೇಲೆ ಇವರಿಗೆ ಕೈಯೇ ಇಲ್ಲ ಎಂದು ಹೇಳಲಾಗಿತ್ತು. ಕೊನೆಗೆ ಅದು ಅವನ ಮನೆಯ ಬಾಗಿಲಿಗೇ ಬಂದಿತ್ತು. ಮಾಡಿದ್ದುಣ್ಣೋ ಮಹರಾಯ ಎಂದರೆ ಸಹಿಸಬಹುದು. ಇಲ್ಲಿ ಮಾಡಿದವನು ಅವನು, ಉಂಡವಳು ಮಗಳು.

ತನ್ನ ಹೆಸರು ಬರೆದರೆ ಅದೂ ಒಂದು ರೀತಿಯಲ್ಲಿ ನಿಜವೇ ಎನ್ನಿಸಿತು. ಆದರೆ ಹಾಗೆ ಬರೆದರೆ ಅವಳು ಗಾಜು ಮುಟ್ಟಿದ್ದಕ್ಕೆ ಇದ್ದ ಒಂದೇ ಗುರುತೂ ಅಳಿಸಿಹೋಗುತ್ತಿತ್ತು. ಪೆನ್ಸಿಲ್ ಎತ್ತಿ ತಾರೀಖು ಹಾಕಿದ, ಪಿಪೆಟ್ ಎಂದು ಬರೆದ, ಮುಂದೆ ಮಗಳ ಪೂರ್ತಿ ಹೆಸರು ಬರೆದ.

ಬರೆದು ಮುಗಿಸಿ, "ಟೀಚರ್, ನಾಳೆ ಹನ್ನೊಂದು ಹೆಣ್ಮಕ್ಕಳದು ಪರೀಕ್ಷೆ ಇದೆ" ಎಂದ. "ಇವತ್ತು ಸಂಜೆ ಲ್ಯಾಬ್ ತೆಗೀತೀನಿ. ಪ್ರಶ್ನೆ ಏನು ಬರತ್ತೋ ನನಗೆ ಗೊತ್ತಿಲ್ಲ, ಬೇಕಾಗೂ ಇಲ್ಲ. ಹಿಡಿಯೋದು, ತಿರುಗಿಸೋದು, ಅಷ್ಟು ಮಾಡಿಸ್ತೀನಿ. ನೀವು ಬೇಡ ಅಂದ್ರೂ ತೆಗೀತೀನಿ."

ಹತ್ತೊಂಬತ್ತು ವರ್ಷದಲ್ಲಿ ಅವನು ಹಾಗೆ ಮಾತಾಡಿದ್ದು ಅದೇ ಮೊದಲು. ಟೀಚರ್ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ತರಗತೀಲಿ ಮಾಡಿ ತೋರಿಸೋ ಪ್ರಯೋಗ ಎಲ್ಲಾ ನಾನು ಯಾಕೆ ನಿಮ್ಮ ಕೈಲೇ ಮಾಡಿಸ್ತೀನಿ ಅಂತ ಯಾವತ್ತಾದ್ರೂ ಯೋಚನೆ ಮಾಡಿದೀರಾ? ನನ್ನ ಕೈ ಈಗ್ಲೂ ನಡುಗತ್ತೆ. ನಾನೂ ಬರ್ಕೊಂಡೇ ಪಾಸಾದವಳು" ಎಂದರು. ಆಮೇಲೆ, "ಹೆಡ್ಮಾಸ್ಟರಿಗೆ ನಾನು ಹೇಳ್ತೀನಿ. ಹನ್ನೊಂದಲ್ಲ, ಹನ್ನೆರಡು ಜನಕ್ಕೆ ಜೋಡಿಸಿ. ನಾನೂ ಬರ್ತೀನಿ" ಎಂದರು.

ಗಾಜಪ್ಪ ಹನ್ನೆರಡಲ್ಲ, ಹದಿಮೂರು ಜೋಡಿಸಿದ.

ಸಂಜೆ ಹುಡುಗಿಯರು ಬಂದು ಬಾಗಿಲಲ್ಲೇ ಗುಂಪಾಗಿ ನಿಂತರು, ಯಾರದೋ ಮನೆಗೆ ಕರೆಯದೆ ಬಂದವರಂತೆ. "ಬನ್ನಿ, ಬನ್ನಿ, ಗಾಜೇನು ಕಚ್ಚಲ್ಲ" ಎಂದ ಗಾಜಪ್ಪ. ಐದು ನಿಮಿಷವಾಗಿರಲಿಲ್ಲ, ಒಂದು ಬೀಕರು ಬಿತ್ತು. ಬೀಳಿಸಿದವಳ ಮುಖ ಬಿಳಿಚಿಕೊಂಡಿತು. ಉಳಿದವರೆಲ್ಲ ಗಾಜಪ್ಪನ ಬೈಗುಳಕ್ಕೆ ಕಾದರು. ಅವನು ಪುಸ್ತಕ ತೆರೆದು, "ಹೆಸರು ಹೇಳಮ್ಮ" ಎಂದ. ಬರೆದುಕೊಂಡ. "ಈಗ ಇನ್ನೊಂದು ತಗೋ. ಅದರ ಮೈ ಒರೆಸಿ ಹಿಡಿ." ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಕೆಲಸ ನಡೆಯಿತು. ಟೀಚರ್ ಮೂಲೆಯ ಮೇಜಿನಲ್ಲಿ ಯಾರಿಗೂ ಕಾಣದ ಹಾಗೆ ನಿಂತು, ತುಟಿ ಕಚ್ಚಿಕೊಂಡು ಹನಿ ಬಿಡುತ್ತಿದ್ದರು. ಮರುದಿನ ಆ ಹನ್ನೊಂದರಲ್ಲಿ ಮೂವರಿಗೆ ಇಪ್ಪತ್ತೈದು ದಾಟಿತು, ಎಂಟು ಮಂದಿಗೆ ದಾಟಲಿಲ್ಲ. ಹತ್ತೊಂಬತ್ತು ವರ್ಷದ್ದು ಒಂದು ಸಂಜೆಯಲ್ಲಿ ತೊಳೆದುಹೋಗುತ್ತದೆಯೇ?

ಆ ಸಂಜೆ ಮಗಳು ಎಲ್ಲರಿಗಿಂತ ಕೊನೆಗೆ ಬಂದಳು. ಅಮ್ಮ ಕಳಿಸಿದ್ದಳೋ, ತಾನೇ ಬಂದಳೋ, ಗಾಜಪ್ಪ ಕೇಳಲಿಲ್ಲ. ಹದಿಮೂರನೆಯ ಬ್ಯೂರೆಟ್ ಯಾರೂ ಹಿಡಿಯದೆ ಹಾಗೇ ಉಳಿದಿತ್ತು. ಅವಳು ಅದರ ಮುಂದೆ ನಿಂತಳೇ ಹೊರತು ಮುಟ್ಟಲಿಲ್ಲ. ಅಷ್ಟರಲ್ಲಿ ಪಕ್ಕದ ಮೇಜಿನ ಹುಡುಗಿ ಕೇಳಿದಳು: "ಮಾಮ, ಇಷ್ಟು ಸುಲಭ ಇದ್ರೆ ಇಷ್ಟು ದಿನ ಯಾಕೆ ನಮಗೆ ಕೊಡ್ಲಿಲ್ಲ? ಯಾರು ಬೇಡ ಅಂದಿದ್ದು?"

ಮೊದಲಿಂದಲೂ ಇದೆ ಎಂಬ ಹಳೆಯ ಉತ್ತರ ಗಾಜಪ್ಪನ ನಾಲಿಗೆಯ ತುದಿಯಲ್ಲೇ ಇತ್ತು. ಮಗಳು ಅವನನ್ನೇ ನೋಡುತ್ತಿದ್ದಳು.

"ನಾನು" ಎಂದ. "ಹುಡುಗ ಮಾಡ್ಲಿ, ಹುಡುಗಿ ಬರೀಲಿ ಅಂತ ಹೇಳಿದ್ದು ನಾನು. ಗಾಜು ಒಡೆದ್ರೆ ಕೆಲಸ ಹೋಗತ್ತೆ ಅಂತ ಭಯ ಇತ್ತು. ಬೇರೆ ಕಾರಣ ಏನೂ ಇರ್ಲಿಲ್ಲ. ನಿಮ್ಮ ಕೈ ಸರಿ ಇಲ್ಲ ಅಂತಲ್ಲ. ಆಮೇಲೆ ಎಲ್ಲರೂ ಹಾಗಂದ್ರು, ನಾನೂ ನಂಬ್ದೆ."

ಟೀಚರ್ ಮೇಜಿನ ಕಡೆಯಿಂದ ಹನಿ ಬೀಳುವ ಸದ್ದು ನಿಂತಿತು.

"ನಾನು ಕೇಳಿದಾಗ ನೀನು ಗೊತ್ತಿಲ್ಲ ಅಂದೆ" ಎಂದಳು ಮಗಳು.

"ಹೇಳೋಕೆ ಧೈರ್ಯ ಬರ್ಲಿಲ್ಲಮ್ಮ."

"ಆ ಕಾಲೇಜಿಗೆ ಇನ್ನು ಆಗಲ್ಲ ಅಲ್ವಾ ಅಪ್ಪ?"

ಸುಳ್ಳು ಸಮಾಧಾನ ಹೇಳಬಹುದಿತ್ತು. ಅವನು ಹೇಳಲಿಲ್ಲ. "ಆಗಲ್ಲ" ಎಂದ.

ಅವಳು ತುಂಬಾ ಹೊತ್ತು ಬಣ್ಣ ಚೆನ್ನಾಗಿ ಕಾಣಲೆಂದು ಬಿಳಿಯ ಟೈಲಿನ ಮೇಲಿಟ್ಟ ಫ್ಲಾಸ್ಕನ್ನು ನೋಡುತ್ತ ನಿಂತಳು. ಕಣ್ಣಲ್ಲಿ ನೀರು ತುಂಬಿತು, ಕೆಳಗೆ ಬೀಳಲಿಲ್ಲ. ಆಮೇಲೆ ಲಂಗಕ್ಕೆ ಕೈ ಒರೆಸಿಕೊಂಡು ಎಡಗೈಯನ್ನು ನಲ್ಲಿಯ ಸುತ್ತ ತಂದಳು. ಮೊದಲ ಸಲ ಕಡುಗೆಂಪು. ಚೆಲ್ಲಿದಳು. ಎರಡನೆಯ ಸಲವೂ ಕಡುಗೆಂಪು. ಗಾಜಪ್ಪ ಪಕ್ಕದಲ್ಲಿ ನಿಂತು, "ಬೆರಳು ಸಡಿಲ ಬಿಡು. ಅದು ಅಡುಗೆಮನೆ ನಲ್ಲಿ ಅಲ್ಲ" ಎಂದ. ಬೆಳಿಗ್ಗೆ ಗಂಟಲಲ್ಲೇ ಉಳಿದಿದ್ದ ಮಾತು ಅದು. ಮೂರನೆಯ ಸಲ ಹನಿಗಳು ಒಂದೊಂದಾಗಿ ಬಿದ್ದವು. ಕೊನೆಯ ಹನಿ ಕೊಳವೆಯ ತುದಿಯಲ್ಲಿ ಅರ್ಧ ತೂಗಿತು. ಅವಳು ಫ್ಲಾಸ್ಕಿನ ಬಾಯಿಗೆ ಅದನ್ನು ತಾಗಿಸಿಕೊಂಡು ಒಮ್ಮೆ ಆಡಿಸಿದಳು. ನಾಲ್ಕು ವರ್ಷದವಳಿದ್ದಾಗ ಕೈ ಚಾಚಿದ್ದ ಆ ತಿಳಿಗುಲಾಬಿ ಬಂತು, ಬಂದು ನಿಂತಿತು.

ಅವಳು ಬಗ್ಗಿ ಗೆರೆಯ ಮಟ್ಟಕ್ಕೆ ಕಣ್ಣು ತಂದು ಓದಿದಳು. ತಲೆ ಎತ್ತಲಿಲ್ಲ, ಅಪ್ಪನ ಕಡೆ ನೋಡಲಿಲ್ಲ.

"ಬರ್ಕೋ ಅಪ್ಪ" ಎಂದಳು. "ಹದಿನೇಳು ಪಾಯಿಂಟ್ ಆರು."

ಗಾಜಪ್ಪ ದಾರದ ಪೆನ್ಸಿಲ್ ಎಳೆದುಕೊಂಡು ಬರೆದುಕೊಂಡ.